ಮೈಕಿನಲ್ಲಿ ಗುಣವಾದ ಹುಡುಗಿ

ನಮ್ಮ ಟ್ರಸ್ಟಿಗೆ ಹೊಸದಾಗಿ ಸೇರಿದವರಿಗೆ ಕೊಪ್ಪಳದ ಹೋಟೆಲೊಂದರ ಮಾಳಿಗೆಯಲ್ಲಿ ತರಬೇತಿ ಕೊಡುತ್ತಾರೆ. ಉಪ್ಪಿಟ್ಟು, ಚಹಾ, ಕಿಟಕಿಗೆ ಪರದೆ, ಗೋಡೆಯ ಮೇಲೆ ಚಿತ್ರ. ದೊಡ್ಡ ಊರಿನಿಂದ ಬಂದವರೊಬ್ಬರು ಅನುಕಂಪ ಎಂದರೇನು ಎಂದು ಮಧ್ಯಾಹ್ನದವರೆಗೆ ಹೇಳುತ್ತಾರೆ. ಊಟವಾದ ಮೇಲೆ ಅನುಕಂಪದ ಎರಡನೆಯ ಭಾಗ. ನಾನು ನಿವೃತ್ತಳಾದ ಮೇಲೆ ಒಮ್ಮೆ ನನ್ನನ್ನೂ ಕರೆದು, ಹಿಂದಿನ ಸಾಲಿನಲ್ಲಿ ಕೂರಿಸಿ, ಕಡೆಗೆ 'ಹಿರಿಯರಿಂದ ಎರಡು ಮಾತು' ಅಂದರು. ಎರಡು ಮಾತೆಂದರೆ ಎರಡೇ. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ನೀಲಮ್ಮ. ಕಚೇರಿಯಲ್ಲಿ ನನ್ನನ್ನು ಕ್ಷೇತ್ರ ಸಂಯೋಜಕಿ ಎನ್ನುತ್ತಿದ್ದರು, ಹಳ್ಳಿಗಳಲ್ಲಿ ಅಕ್ಕಾರ ಎನ್ನುತ್ತಿದ್ದರು. ಮೆದುಳಿನಲ್ಲಿ ಗಡ್ಡೆಯಾದ ಮಕ್ಕಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲಿ ಹುಡುಕುವುದು, ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದು, ಅಲ್ಲಿ ತಂದೆತಾಯಿಗೆ ಮಲಗಲು ಜಾಗ, ಉಣ್ಣಲು ಅನ್ನ ನೋಡುವುದು, ಮತ್ತೆ ಊರಿಗೆ ತಂದು ಬಿಡುವುದು ನಮ್ಮ ಟ್ರಸ್ಟಿನ ಕೆಲಸ. ಸಂಯೋಜನೆ ಎಂಬ ದೊಡ್ಡ ಪದದ ಒಳಗೆ ಮುಖ್ಯವಾಗಿ ಇರುವುದು, ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿನ ಬಾಯಿಗೆ ಚೀಲ ಹಿಡಿಯುವುದು. ತರಬೇತಿಯ ಚಿತ್ರಗಳಲ್ಲಿ ಮಗು ನಗುತ್ತಿರುತ್ತದೆ, ಸಂಯೋಜಕಿ ಇಸ್ತ್ರಿ ಸೀರೆ ಉಟ್ಟಿರುತ್ತಾಳೆ. ನೀವು ಮಾತ್ರ ಹಳೆಯ ಸೀರೆ ಉಟ್ಟುಕೊಂಡು ಹೋಗಿ, ಚೀಲ ಎರಡು ಇಟ್ಟುಕೊಳ್ಳಿ.

ಈ ರೋಗ ನಮ್ಮ ಕಡೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ನಡೆಯುವಾಗ ತೂರಾಡುವುದು. ಮೊದಲು ಅದು ಪಿತ್ತ. ಆಮೇಲೆ ಜಂತುಹುಳ. ಆಮೇಲೆ ಕಣ್ಣಿನ ದೋಷವೆಂದು ಕನ್ನಡಕ. ಅದೂ ಮುಗಿದ ಮೇಲೆ ಶಾಲೆ ತಪ್ಪಿಸುವ ನಾಟಕ. ಅಳವಂಡಿ ಕಡೆಯ ಒಬ್ಬ ಮಾಸ್ತರರು, ಪ್ರಾರ್ಥನೆಯ ಸಾಲಿನಲ್ಲಿ ನೆಟ್ಟಗೆ ನಿಲ್ಲದ ಹುಡುಗನನ್ನು ಬೆಂಚಿನ ಮೇಲೆ ಹತ್ತಿಸಿದರು. ಹುಡುಗ ಬಿದ್ದ. ಅದೇ ಮಾಸ್ತರರು ಅವನನ್ನು ತಮ್ಮ ಬೈಕಿನ ಮೇಲೆ ಕೊಪ್ಪಳಕ್ಕೆ ತಂದರು. ತಲೆಯ ಸ್ಕ್ಯಾನಿನ ಚಿತ್ರ ನೋಡಿದ ಮೇಲೆ ವರಾಂಡದಲ್ಲಿ ಕೂತು ಅತ್ತರು. ಅಂದಿನಿಂದ ಅವರು ನಮ್ಮ ಅತಿ ದೊಡ್ಡ ಸಹಾಯಕರು. ಸಾಲು ತಪ್ಪಿ ನಡೆಯುವ ಮಕ್ಕಳನ್ನೆಲ್ಲ ಆಸ್ಪತ್ರೆಗೆ ಕಳಿಸತೊಡಗಿದರು. ಹೆಚ್ಚಿನ ಮಕ್ಕಳಿಗೆ ಆಗಿದ್ದ ತೊಂದರೆಯೆಂದರೆ ಚಪ್ಪಲಿ ಸಣ್ಣದಾಗಿದ್ದದ್ದು. ಆದರೂ ನಾನು ಅವರಿಗೆ ಬೇಡವೆನ್ನಲಿಲ್ಲ.

ಇನ್ನು ನಮ್ಮ ಅಧ್ಯಕ್ಷರು. ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇಟ್ಟವರು. ಕೈ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಟ್ರಸ್ಟು ನಿಂತದ್ದೇ ಅವರ ದುಡ್ಡಿನ ಮೇಲೆ. ಆದರೆ ಕೊಟ್ಟದ್ದನ್ನು ಯಾರಾದರೂ ನೋಡಬೇಕು. ನೋಡುವವರಿಗೆ ಕೂರಲು ಕುರ್ಚಿ ಬೇಕು, ಕುರ್ಚಿಗೆ ನೆರಳು ಬೇಕು, ನೆರಳಿಗೆ ಶಾಮಿಯಾನ ಬೇಕು, ಶಾಮಿಯಾನದಲ್ಲಿ ಮೈಕು ಬೇಕು. ಮೈಕು ಬಂದ ಮೇಲೆ ಅವರನ್ನು ಹಿಡಿಯುವವರು ಯಾರೂ ಇಲ್ಲ. ಒಂದು ಕುಟುಂಬಕ್ಕೆ ಬಸ್ ಪಾಸು ಕೊಡುವುದಕ್ಕೂ ಶಾಲು, ಹಾರ, ಹಣ್ಣಿನ ಬುಟ್ಟಿ. ನೀರು ಕುಡಿದರೂ ಕಕ್ಕುವ ಮಗುವಿನ ತೊಡೆಯ ಮೇಲೆ ಸೇಬಿನ ಬುಟ್ಟಿ ಇಟ್ಟು ಫೋಟೋ ತೆಗೆಸುತ್ತಿದ್ದರು. ಒಮ್ಮೆ ಯಲಬುರ್ಗಾದ ಹುಡುಗನೊಬ್ಬನನ್ನು ವೇದಿಕೆಗೆ ಕರೆತಂದೆ. ಚಿಕಿತ್ಸೆ ಮುಗಿದು ಅವನ ತಲೆ ತುಂಬ ಕೂದಲು ಬಂದಿತ್ತು, ಅವನಮ್ಮ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದಳು. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು.

"ನೀಲಮ್ಮ, ಈ ಹುಡುಗ ಭಾಳ ಛಲೋ ಕಾಣತಾನಲ್ಲ."

"ಹೌದ್ರಿ. ಅದಕ್ಕಂತನ ಇಷ್ಟು ವರ್ಷ ಅಡ್ಡಾಡೇವಿ."

"ಅದು ಖರೇ. ಆದ್ರ ಫೋಟೋದಾಗ ಜನರಿಗೆ ತಿಳೀಬೇಕಲ್ಲ. ಕೂದಲ ಇಲ್ಲದವ್ರು ಯಾರರ ಇಲ್ಲೇನು?"

ಕೂದಲಿಲ್ಲದವರು ಆಸ್ಪತ್ರೆಯಲ್ಲಿ ಇದ್ದಾರೆ ಸಾಹೇಬ್ರ, ಅಲ್ಲೇ ಶಾಮಿಯಾನ ಹಾಕಿಸೋಣೇನ್ರಿ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, ದೂರ ಆಗುತ್ತದೆ ಅಂದರು.

ಅವರನ್ನು ನೋಡಿ ಗಂಗಾವತಿಯ ಉಳಿದ ಸಾಹುಕಾರರಿಗೂ ಹುರುಪು ಬಂತು. ತಮ್ಮ ಹುಟ್ಟುಹಬ್ಬವನ್ನು ನಮ್ಮ ಮಕ್ಕಳ ಜೊತೆ ಆಚರಿಸುವುದು ಒಂದು ಚಾಳಿಯಾಯಿತು. ಐವತ್ತು ದಾಟಿದ ಗೊಬ್ಬರದ ಅಂಗಡಿಯವರೊಬ್ಬರು ಕೇಕ್ ತಂದು, ಶ್ರೀರಾಮನಗರದ ಒಂದು ಪುಟ್ಟ ಹುಡುಗಿಯ ಕೈಗೆ ಚಾಕು ಕೊಟ್ಟು, ತಮ್ಮ ಹೆಸರು ಬರೆದಲ್ಲಿ ಕೊಯ್ಯಿಸಿದರು. ಬ್ಯಾಡ್ರಿ, ವಾಸನೆ ತಾಳುವುದಿಲ್ಲ ಅಂತ ನಾನು ಹೇಳುತ್ತಲೇ ಇದ್ದೆ. ಹುಡುಗಿ ಕೇಕಿನ ಮೇಲೆ, ಸರಿಯಾಗಿ ಅವರ ಹೆಸರಿನ ಮೇಲೆ ವಾಂತಿ ಮಾಡಿಕೊಂಡಳು. ಆ ಸಾಹುಕಾರರು ಮರುವರ್ಷ ಗೋಶಾಲೆಗೆ ಹೋದರು. ನನಗೆ ಬಹಳ ಸಮಾಧಾನವಾಯಿತು.

ಸಂಶೋಧನೆಯ ಕಥೆ ಬೇರೆ. ನಮ್ಮ ಟ್ರಸ್ಟಿನ ಒಂದು ಪಾಲು ದುಡ್ಡು ಆ ದೊಡ್ಡ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಅಲ್ಲಿ ಒಬ್ಬ ಡಾಕ್ಟರಮ್ಮ, ಮಕ್ಕಳ ತಲೆಯಿಂದ ತೆಗೆದ ಗಡ್ಡೆಯ ಚೂರನ್ನು ತಣ್ಣಗೆ ಕಾಪಿಟ್ಟು, ಇದು ಯಾಕೆ ಬರುತ್ತದೆ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುತ್ತಿದ್ದರು. ಅಧ್ಯಕ್ಷರು ಅವರಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ, "ಮೇಡಂ, ಈ ತಿಂಗಳ ಏನ್ ಕಂಡುಹಿಡದ್ರಿ?" ಎಂದು ಕೇಳುತ್ತಿದ್ದರು. ಗಿರಣಿಯವರು ನೋಡಿ, ಈ ಕಡೆ ಭತ್ತ ಸುರಿದರೆ ಆ ಕಡೆ ಅಕ್ಕಿ ಬೀಳಬೇಕು. ಡಾಕ್ಟರಮ್ಮ ಮೊದಮೊದಲು ತಾಳ್ಮೆಯಿಂದ ವಿವರಿಸಿದರು, ಆಮೇಲೆ ಫೋನ್ ಎತ್ತುವುದನ್ನು ಬಿಟ್ಟರು. ಆಗ ಅಧ್ಯಕ್ಷರು ನಮ್ಮ ಕಚೇರಿಯ ಒಂದು ಖಾಲಿ ಕೋಣೆಗೆ 'ಸಂಶೋಧನಾ ವಿಭಾಗ' ಎಂದು ಬೋರ್ಡು ಹಾಕಿಸಿದರು. ಅದರೊಳಗೆ ಹಳೆಯ ಫ್ಲೆಕ್ಸುಗಳು ಮತ್ತು ಒಂದು ಕೆಟ್ಟ ಫ್ಯಾನು ಇದ್ದವು. ಬೋರ್ಡು ಈಗಲೂ ಇದೆ.

ಆ ಚೂರು ಕೊಡಲು ತಂದೆತಾಯಿ ಒಪ್ಪಬೇಕು, ಅವರ ಭಾಷೆಯಲ್ಲಿ ಹೇಳುವ ಕೆಲಸ ನನ್ನದು. ಯಲಬುರ್ಗಾ ಕಡೆಯ ಕುರಿ ಕಾಯುವವನೊಬ್ಬ, ಮಗನನ್ನು ಒಳಗೆ ಕರೆದೊಯ್ದ ಬಾಗಿಲನ್ನೇ ನೋಡುತ್ತ ನನ್ನ ಮಾತೆಲ್ಲ ಕೇಳಿದ.

"ಆ ಗಂಟ ತಗೊಂಡು ಏನ್ ಮಾಡ್ತಾರ್ರಿ? ಬಿತ್ತತಾರೇನು?"

"ಇಲ್ಲೋ ಯಪ್ಪಾ. ಮುಂದ ಯಾರಿಗೂ ಬರದಂಗ ಮಾಡಾಕ ಆಕ್ಕತೇನು ಅಂತ ನೋಡ್ತಾರ."

"ಹಂಗಾದ್ರ ಚೂರು ಯಾಕ್ರಿ, ಪೂರಾ ತಗೋರಿ ಅನ್ರಿ. ವಾಪಸ್ ಮಾತ್ರ ಕೊಡಬ್ಯಾಡ್ರಿ ಅನ್ರಿ."

ಅವನ ಮಗ ಉಳಿಯಲಿಲ್ಲ. ವರ್ಷದ ಮೇಲೆ ಅದೇ ಮನುಷ್ಯ ನನಗೆ ಫೋನ್ ಮಾಡಿ, ನಮ್ಮ ಹುಡುಗನ ಗಂಟಿನಿಂದ ಯಾರಿಗಾದರೂ ಉಪಯೋಗ ಆಯಿತೇ ಎಂದು ಕೇಳಿದ. ಇನ್ನೂ ನೋಡುತ್ತಿದ್ದಾರೆ ಅಂದೆ. ನೋಡಲಿ, ಅವಸರ ಇಲ್ಲ ಅಂದ. ಅಧ್ಯಕ್ಷರಿಗೆ ಈ ಮಾತು ಹೇಳಿದೆ. ಆ ತಿಂಗಳು ಅವರು ಡಾಕ್ಟರಮ್ಮನಿಗೆ ಫೋನ್ ಮಾಡಲಿಲ್ಲ.

ಈಗ ಪವಿತ್ರಾಳ ವಿಷಯಕ್ಕೆ ಬರುತ್ತೇನೆ. ಹೊಸಬರು ಉಳಿದದ್ದನ್ನು ಮರೆತರೂ ಇದನ್ನು ಮರೆಯಬಾರದು.

ಪವಿತ್ರಾ ಹನುಮಸಾಗರದ ಹತ್ತಿರದ ಒಂದು ಹಳ್ಳಿಯವಳು, ಆಗ ಎರಡನೆಯ ತರಗತಿ. ಅಪ್ಪ ಮಂಗಳೂರು ಕಡೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದವನು. ಮನೆಯಲ್ಲಿ ಅಜ್ಜ ಹನುಮಪ್ಪ ಹೇಳಿದ್ದೇ ಮಾತು. ಅಮ್ಮ ಲಕ್ಷ್ಮವ್ವ ಮಾವನ ಎದುರು ತಲೆಯ ಸೆರಗು ಸರಿಸಿದವಳಲ್ಲ. ಹುಡುಗಿಯ ತಲೆಯ ಹಿಂಭಾಗದಲ್ಲಿದ್ದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನೂ ಲಕ್ಷ್ಮವ್ವನನ್ನೂ ಕೂರಿಸಿ ಬಿಡಿಸಿ ಹೇಳಿದರು: ಇದು ಅರ್ಧ ಕೆಲಸ. ಗಾಯ ಮಾಯಲು ಊರಿಗೆ ಹೋಗಿ ಬನ್ನಿ, ಆದರೆ ತಿಂಗಳೊಳಗೆ ಕರೆಂಟ್ ಶುರು ಮಾಡಬೇಕು. ಕಣ್ಣಿಗೆ ಕಾಣದ ಬೇರು ಒಳಗೆ ಉಳಿದಿರುತ್ತದೆ. ಬಿಟ್ಟರೆ ಮತ್ತೆ ಚಿಗುರುತ್ತದೆ, ಆಗ ನಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ನಮ್ಮ ಜನ ರೇಡಿಯೇಷನ್ನಿಗೆ ಕರೆಂಟ್ ಎಂದೇ ಅನ್ನುತ್ತಾರೆ, ಡಾಕ್ಟರೂ ಕಲಿತಿದ್ದರು. ಲಕ್ಷ್ಮವ್ವ ಎಲ್ಲವನ್ನೂ ಕೇಳಿಸಿಕೊಂಡಳು.

ಅವರನ್ನು ಊರಿಗೆ ಬಿಟ್ಟು ನಾನು ಇನ್ನೊಂದು ಮಗುವಿನ ಜೊತೆ ಆಸ್ಪತ್ರೆಗೆ ಮರಳಿದೆ. ಇತ್ತ ಅಧ್ಯಕ್ಷರಿಗೆ, ಹುಡುಗಿ ಎದ್ದು ಓಡಾಡುತ್ತಿದ್ದಾಳೆ ಎಂಬ ಸುದ್ದಿ ಮುಟ್ಟಿತು. ಓಡಾಡುತ್ತಿದ್ದದ್ದು ನಿಜವೇ, ತಲೆಯೊಳಗಿನ ಭಾರ ಇಳಿದ ಮೇಲೆ ವಾಂತಿ ನಿಂತಿತ್ತು, ಕುಂಟೆಬಿಲ್ಲೆ ಆಡುತ್ತಿದ್ದಳು. ಅಷ್ಟು ಸಾಕಾಯಿತು. ಊರಿನ ಶಾಲೆಯ ಮೈದಾನದಲ್ಲಿ ಶಾಮಿಯಾನ ಎದ್ದಿತು. 'ಮೆದುಳಿನ ಕ್ಯಾನ್ಸರ್ ಗೆದ್ದ ಬಾಲೆಗೆ ಅಭಿನಂದನೆ' ಎಂದು ಫ್ಲೆಕ್ಸು. ಅದರಲ್ಲಿ ಅಧ್ಯಕ್ಷರ ಮುಖ ಎತ್ತಿನ ಬಂಡಿಯ ಗಾಲಿಯಷ್ಟು, ಬಾಲೆಯ ಮುಖ ಅಂಚೆಚೀಟಿಯಷ್ಟು. 'ಈ ಮಗು ಸಂಪೂರ್ಣ ಗುಣಮುಖಳಾಗಿದ್ದಾಳೆ' ಎಂದು ಮೈಕಿನಲ್ಲಿ ಸಾರಿದರು. ಅಜ್ಜನಿಗೆ ಶಾಲು ಹೊದಿಸಿದರು. ಪತ್ರಿಕೆಯಲ್ಲಿ ಫೋಟೋ ಬಂತು. ನಾನು ಅದನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆ. ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ನಾನು ಅವಳನ್ನು ಕರೆದೊಯ್ಯಲು ಹೋಗುವಷ್ಟರಲ್ಲಿ ಆಗಬಾರದ್ದೆಲ್ಲ ಆಗಿತ್ತು. ಹನುಮಪ್ಪ ಊರ ದ್ಯಾಮವ್ವನಿಗೆ ಹರಕೆ ಹೊತ್ತಿದ್ದ. ಮೊಮ್ಮಗಳು ಗುಣವಾದಳೆಂದು ಮೈಕಿನಲ್ಲೇ ಹೇಳಿದ ಮೇಲೆ ಇನ್ನೇಕೆ ತಡವೆಂದು ಕುರಿ ಕಡಿಸಿ, ಓಣಿಗೆಲ್ಲ ಊಟ ಹಾಕಿಸಿ, ಹರಕೆ ತೀರಿಸಿಬಿಟ್ಟಿದ್ದ. ಬೀಗರೆಲ್ಲ ಬಂದು ಹುಡುಗಿಗೆ ಉಡಿ ತುಂಬಿ ಹೋಗಿದ್ದರು. ಕಟ್ಟೆಯ ಮೇಲೆ ಕೂತಿದ್ದ ಹನುಮಪ್ಪ ನನ್ನನ್ನು ಪ್ರೀತಿಯಿಂದಲೇ ಮಾತಾಡಿಸಿದ.

"ಬರ್ರಿ ಅಕ್ಕಾರ, ನೀರು ಕುಡೀರಿ. ಆದ್ರ ದವಾಖಾನಿ ಮಾತು ಮಾತ್ರ ತಗೀಬ್ಯಾಡ್ರಿ."

"ಕಾಕಾರ, ಕರೆಂಟ್ ಕೊಡಿಸೂದು ಇನ್ನಾ ಐತ್ರಿ. ಡಾಕ್ಟರ್ ನಿಮ್ಮ ಸೊಸಿ ಮುಂದನ ಹೇಳ್ಯಾರ."

"ನಿಮ್ಮ ಸಾಹೇಬ್ರು ಗುಣ ಆಗ್ಯಾಳ ಅಂತ ಊರ ಮುಂದ ಹೇಳ್ಯಾರಲ್ರಿ. ಪೇಪರ್ನ್ಯಾಗ ಬಂದೈತಿ. ನೀವು ಅವರ ಕೈಯಾಗಿನ ಆಳು, ನೀವು ಇಲ್ಲ ಅಂತೀರಿ. ಯಾರ ಮಾತು ಕೇಳೂದ್ರಿ?"

"ಅವರಿಗಿ ತಿಳೀಲಾರದ ಹೇಳ್ಯಾರ್ರಿ."

"ಇರಲಿ. ಈಗ ಹರಕಿ ತೀರಿಸೇವಿ. ಹರಕಿ ತೀರಿಸಿದ ಮ್ಯಾಲ ಮತ್ತ ದವಾಖಾನಿ ಮೆಟ್ಟಲಾ ಹತ್ತಿದ್ರ, ಅವ್ವ ನೀ ಏನೂ ಮಾಡಿಲ್ಲ ಅಂತ ದ್ಯಾಮವ್ವನ ಮಾರಿಗಿ ಹೇಳಿದಂಗ ಆಗೂದಿಲ್ಲೇನು? ಆಕಿ ಸಿಟ್ಟಾದ್ರ ಕೂಸಿನ ಗತಿ ಏನ್ರಿ?"

ಅವನನ್ನು ಮೂರ್ಖ ಎಂದು ನೀವು ಬರೆದುಕೊಳ್ಳಬೇಡಿ. ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಅವನು ಹೆದರುತ್ತಿದ್ದ. ಒಳಬಾಗಿಲಲ್ಲಿ ಲಕ್ಷ್ಮವ್ವ ಮಗಳ ಭುಜ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಮಂಗಳೂರಿಗೆ ಫೋನ್ ಹಚ್ಚಿದೆ. ಹುಡುಗಿಯ ಅಪ್ಪ, "ಅಪ್ಪ ಹೆಂಗಂತಾನ ಹಂಗ್ರಿ" ಎಂದು ಇಟ್ಟುಬಿಟ್ಟ. ಡಾಕ್ಟರು ಕೊಟ್ಟ ತಿಂಗಳು ಮುಗಿಯುತ್ತ ಬಂದಿತ್ತು.

ಸೀದಾ ಗಂಗಾವತಿಗೆ ಹೋದೆ. ಅಧ್ಯಕ್ಷರು ಗಿರಣಿಯಲ್ಲಿ ಅಕ್ಕಿಯ ಕಾಳು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಿದ್ದರು. ನಡೆದದ್ದೆಲ್ಲ ಹೇಳಿ, ನೀವೇ ಬಂದು ಆ ಮಾತು ವಾಪಸ್ ತೆಗೆದುಕೊಳ್ಳಬೇಕು ಅಂದೆ.

"ಗುಣ ಆಗಿಲ್ಲ ಅಂತ ನಾ ಹೆಂಗ ಹೇಳ್ಲಿ ನೀಲಮ್ಮ? ಪೇಪರ್ನ್ಯಾಗ ಬಂದೈತಲ್ಲ."

"ಪೇಪರ್ನ್ಯಾಗ ಬಂದ್ರ ಗಡ್ಡಿಗಿ ಓದಾಕ ಬರತೈತೇನ್ರಿ?"

"ಹಂಗಲ್ಲ. ಟ್ರಸ್ಟಿನ ಮರ್ಯಾದಿ ಐತಿ. ನೀವ ಹೋಗಿ ಹಗೂರಕ ಹೇಳ್ರಿ, ಗುಣ ಆಗ್ಯಾಳ, ಆದ್ರ ಇನ್ನಷ್ಟು ಗುಣ ಆಗಲಿ ಅಂತ."

ನನಗೆ ಮೈಯೆಲ್ಲ ಉರಿಯಿತು. ಆದರೆ ಇಷ್ಟು ವರ್ಷ ಒಬ್ಬ ಮನುಷ್ಯನ ಕೈಕೆಳಗೆ ದುಡಿದ ಮೇಲೆ ಅವನ ಬಾಗಿಲು ಯಾವ ಕಡೆಯಿಂದ ತೆರೆಯುತ್ತದೆ ಎಂದು ತಿಳಿದಿರುತ್ತದೆ. ದನಿ ಇಳಿಸಿ, ಹೋಗಲಿ ಬಿಡ್ರಿ, ಹುಡುಗಿಯನ್ನು ಎರಡನೆಯ ಹಂತದ ಚಿಕಿತ್ಸೆಗೆ ಕಳಿಸಿಕೊಡುವ ಒಂದು ಬೀಳ್ಕೊಡುಗೆ ಸಮಾರಂಭ ಇಟ್ಟುಕೊಳ್ಳೋಣ, ಅಜ್ಜನಿಗೆ ಮತ್ತೊಂದು ಶಾಲು ಹೊದಿಸೋಣ ಅಂದೆ. ಅಕ್ಕಿಯ ಕಾಳು ಚೀಲಕ್ಕೆ ಹೋದವು.

"ಬೀಳ್ಕೊಡುಗೆ. ಛಲೋ ಐತಲ್ಲ. ಇದನ್ನ ಯಾರೂ ಮಾಡಿಲ್ಲ. ಫ್ಲೆಕ್ಸ್ ಎಷ್ಟ ದೊಡ್ಡದು ಮಾಡಸೂಣು?"

ಎರಡೇ ದಿನದಲ್ಲಿ ಎಲ್ಲ ಸಿದ್ಧವಾಯಿತು. ಸರಕಾರದ ಯಾವ ಕೆಲಸವೂ ಇಷ್ಟು ಬೇಗ ಆದದ್ದನ್ನು ನಾನು ಕಂಡಿಲ್ಲ. ಭಾಷಣ ನಾನೇ ಬರೆದುಕೊಟ್ಟೆ: ಹುಡುಗಿಗೆ ಇನ್ನೂ ಗುಣವಾಗಿಲ್ಲ, ಮೊದಲು ಹೇಳಿದ್ದು ತಪ್ಪಾಯಿತು, ಕರೆಂಟ್ ಕೊಡಿಸಲೇಬೇಕು. ನಾಲ್ಕು ಸಾಲು. ಅಧ್ಯಕ್ಷರು 'ತಪ್ಪಾಯಿತು' ಎಂಬುದನ್ನು ಹೊಡೆದುಹಾಕಿದರು, ಉಳಿದದ್ದು ಓದುತ್ತೇನೆ ಅಂದರು. ಲಕ್ಷ್ಮವ್ವನಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ: ಬಟ್ಟೆ ಕಟ್ಟಿ ಇಟ್ಟುಕೋ, ಅವತ್ತೇ ಹೋಗೋಣ. ಆಕೆ ಹೂಂ ಅಂದಳು.

ಶಾಲೆಯ ಮೈದಾನದಲ್ಲಿ ಜನ ಸೇರಿದರು. ಹನುಮಪ್ಪ ಸನ್ಮಾನಕ್ಕೆ ಬೇಡವೆನ್ನದೆ ಬಂದ, ಎರಡನೆಯ ಶಾಲನ್ನೂ ಹೊದಿಸಿಕೊಂಡ. ಮೊಮ್ಮಗಳನ್ನು ಕಳಿಸುವ ಮಾತಿಗೆ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸಾಹೇಬರು ಏನು ಹೇಳುತ್ತಾರೋ ಕೇಳೋಣ ಅಂದ. ಅಧ್ಯಕ್ಷರು ನನ್ನ ಚೀಟಿ ಹಿಡಿದು ಮೈಕಿನ ಮುಂದೆ ನಿಂತರು. ಮೊದಲ ಸಾಲು ಓದುವ ಮುನ್ನ ತಲೆ ಎತ್ತಿ ಜನರನ್ನು ನೋಡಿದರು. ಅಲ್ಲಿಗೆ ಕೆಟ್ಟಿತು. ಚೀಟಿ ಜೇಬಿಗೆ ಹೋಯಿತು. 'ಆತ್ಮೀಯ ಬಂಧುಗಳೇ, ಸಾವನ್ನೇ ಗೆದ್ದು ಬಂದ, ಸಂಪೂರ್ಣ ಗುಣಮುಖಳಾದ ಈ ಬಾಲೆ' ಎಂದು ಶುರು ಹಚ್ಚಿದರು. ಜನ ಚಪ್ಪಾಳೆ ತಟ್ಟಿದರು. ಹನುಮಪ್ಪ ತಿರುಗಿ ನನ್ನನ್ನು ನೋಡಿದ, ಕೇಳಿದಿರಲ್ಲ ಅನ್ನುವ ಹಾಗೆ.

ಶಾಮಿಯಾನದ ಕಂಬದ ಪಕ್ಕ ಬಟ್ಟೆಯ ಗಂಟು ಹಿಡಿದು ನಿಂತಿದ್ದ ಲಕ್ಷ್ಮವ್ವ ವೇದಿಕೆ ಹತ್ತಿದಳು. ಹಾರ ಹಾಕಲು ಬಂದಳೇನೋ ಎಂದು ಅಧ್ಯಕ್ಷರು ಕತ್ತು ಬಗ್ಗಿಸಿದರು. ಆಕೆ ಮೈಕು ಹಿಡಿದುಕೊಂಡಳು. ಅದು ಒಮ್ಮೆ ಕಿರ್ರೆಂದು ಕೂಗಿ ಸುಮ್ಮನಾಯಿತು.

"ನನ್ನ ಮಗಳಿಗೆ ಗುಣ ಆಗಿಲ್ರಿ" ಅಂದಳು. "ಬೇರು ಒಳಗ ಐತಿ ಅಂತ ಡಾಕ್ಟರ್ ನನ್ನ ಮುಂದ ಹೇಳ್ಯಾರ. ಕರೆಂಟ್ ಕೊಡಸ್ಲಿಲ್ಲಂದ್ರ ಕೂಸು ಉಳಿಯೂದಿಲ್ಲ. ಮಾವಾರ, ನಿಮ್ಮ ಕಾಲಿಗಿ ಬೀಳ್ತೀನಿ. ಗುಣ ಆಗ್ಯಾಳ ಅಂತ ದ್ಯಾಮವ್ವ ಹೇಳಿಲ್ರಿ. ಹೇಳಿದವ್ರು ಈ ಸಾಹೇಬ್ರು. ಸಿಟ್ಟ ಆದ್ರ ಇವರ ಮ್ಯಾಲ ಆಗ್ಲಿ ಆಕಿ."

ಹನುಮಪ್ಪ ಎದ್ದು ನಿಂತ. ಈಗ ಸೊಸೆಗೆ ಬೈಯುತ್ತಾನೆ, ಎಲ್ಲ ಮುಗಿಯಿತು ಅಂದುಕೊಂಡೆ. ಅವನು ಸೊಸೆಯ ಕಡೆ ನೋಡಲೇ ಇಲ್ಲ.

"ಸಾಹೇಬ್ರ, ಆಕಿ ಹೇಳೂದು ಖರೇ ಏನ್ರಿ?"

ಅಧ್ಯಕ್ಷರು ನನ್ನನ್ನು ನೋಡಿದರು, ಫ್ಲೆಕ್ಸನ್ನು ನೋಡಿದರು, ಹುಡುಗಿಯನ್ನು ನೋಡಿದರು. ಮೈಕು ಲಕ್ಷ್ಮವ್ವನ ಕೈಯಲ್ಲಿತ್ತು. ಮೈಕಿಲ್ಲದ ಅವರ ದನಿ ಬಹಳ ಸಣ್ಣದು, ನನಗೂ ಅವತ್ತೇ ಗೊತ್ತಾದದ್ದು.

"ಖರೇ ಐತ್ರಿ ಯಜಮಾನ್ರ. ನಾ ಡಾಕ್ಟರನ್ನ ಕೇಳಲಾರದ ಹೇಳಿದ್ದೆ. ತಪ್ಪಾತು."

ಹನುಮಪ್ಪ ಹೆಗಲ ಮೇಲಿನ ಶಾಲು ತೆಗೆದು ಕುರ್ಚಿಗೆ ಹಾಕಿದ. ಸೊಸೆಯ ಕೈಯಿಂದ ಬಟ್ಟೆಯ ಗಂಟು ಇಸಿದುಕೊಂಡು, ಗಾಡಿ ಎಲ್ಲಿ ಐತ್ರಿ ಅಂದ. ಅಲ್ಲಿದ್ದ ಗಾಡಿ ಅಧ್ಯಕ್ಷರದೊಂದೇ. ಅವರು ಮರುಮಾತಿಲ್ಲದೆ ಡ್ರೈವರನನ್ನು ಕರೆದು ಕಳಿಸಿಕೊಟ್ಟರು. ಫೋಟೋ ತೆಗೆಯುವವನು ಅಡ್ಡ ಬಂದಾಗ ಅವನನ್ನು ಗದರಿಸಿ ಸರಿಸಿದರು. ತಾವು ಕುಷ್ಟಗಿವರೆಗೆ ಯಾರದೋ ಟಂಟಂ ಆಟೋದಲ್ಲಿ, ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡು ಗಂಗಾವತಿ ಮುಟ್ಟಿದರಂತೆ. ಆ ದಾನದ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಕರೆಂಟ್ ಶುರುವಾದದ್ದು ತಡವಾಗಿಯೇ. ತಡವಾದದ್ದಕ್ಕೆ ಏನು ಬೆಲೆ ತೆರಬೇಕಾಗುತ್ತದೆ ಎಂದು ಡಾಕ್ಟರು ಹೇಳಲಿಲ್ಲ, ನಾವು ಕೇಳಲಿಲ್ಲ. ಅಲ್ಲಾಡಬಾರದೆಂದು ಮುಖಕ್ಕೆ ಜಾಳಿಗೆಯ ಮುಖವಾಡ ಬಿಗಿದು ಮಲಗಿಸುತ್ತಾರೆ. ಮೊದಲ ದಿನ ಪವಿತ್ರಾ ಕಿರುಚಿದ್ದು ಹೊರಗಿನ ಬೆಂಚಿನವರೆಗೂ ಕೇಳಿತು. ಹನುಮಪ್ಪ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಈಗ ಅವಳು ಹೈಸ್ಕೂಲಿಗೆ ಬಂದಿದ್ದಾಳೆ. ಒಂದು ಕಿವಿ ಮಂದ, ಲೆಕ್ಕ ನಿಧಾನ, ಓರಗೆಯವರಿಗಿಂತ ಗಿಡ್ಡ. ವರ್ಷಕ್ಕೊಮ್ಮೆ ತಲೆಯ ಚಿತ್ರ ತೆಗೆಸಲು ಹೋಗಬೇಕು. ನನಗೆ ಸಂಬಳ ನಿಂತರೂ ಆ ಒಂದು ಬಸ್ಸಿಗೆ ನಾನೂ ಹತ್ತುತ್ತೇನೆ. ಚಿತ್ರ ಬರುವವರೆಗೆ ಲಕ್ಷ್ಮವ್ವ ನೀರು ಕುಡಿಯುವುದಿಲ್ಲ, ನನಗೂ ಕುಡಿಯಲು ಆಗುವುದಿಲ್ಲ.

ಮೊನ್ನೆ ಅವರ ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಅಧ್ಯಕ್ಷರ ಫೋನ್ ಬಂತು. ವಾರ್ಷಿಕೋತ್ಸವಕ್ಕೆ ಭಾಷಣ ಸಿದ್ಧ ಮಾಡುತ್ತಿದ್ದರು. ವಯಸ್ಸಾಗಿದೆ, ಮೈಕಿನ ಚಟ ಬಿಟ್ಟಿಲ್ಲ, ಆದರೆ ಈಗ ಕೇಳಿ ಮಾತಾಡುತ್ತಾರೆ.

"ನೀಲಮ್ಮ, ಆ ಹನುಮಸಾಗರದ ಕಡಿ ಹುಡುಗಿ, ಈಗರ ಗುಣ ಆಗ್ಯಾಳ ಅಂತ ಹೇಳಬಹುದೇನು?"

ಅವಳ ತಾಯಿಯನ್ನೇ ಕೇಳಿ ಎಂದು ಫೋನನ್ನು ಲಕ್ಷ್ಮವ್ವನ ಕೈಗೆ ಕೊಟ್ಟೆ. ಅವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ್ದು ನನಗೂ ಕೇಳಿಸಿತು. ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಗುಣ ಅಂತ ಬ್ಯಾಡ್ರಿ, ಅದಾಳ ಅಂತ ಹೇಳ್ರಿ ಸಾಹೇಬ್ರ."

"ಅಷ್ಟ ಏನವ್ವ?"

"ಅಷ್ಟ ರೀ. ಇವತ್ತ ಸಾಲಿಗಿ ಹೋಗ್ಯಾಳ."